ಮಗುವಿನ ಹಾಜರಿ ಆಯಿತು, ಸರ್ಕಾರದ ಹಾಜರಿ ಎಲ್ಲಿ?

ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕ ದಿನಕ್ಕೆ ಎರಡು ಸಲ ತೆರೆಯುತ್ತದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಇನ್ನೊಮ್ಮೆ. ಹೆಸರು ಕೂಗಿದಾಗ ಓಗೊಟ್ಟ ಮಗು ಹಾಜರು, ಓಗೊಡದ ಮಗು ಗೈರುಹಾಜರು. ನಮ್ಮ ರಾಜ್ಯದಲ್ಲಿ ಒಂದು ಮಗು ತಕ್ಕ ಕಾರಣವಿಲ್ಲದೆ ಸತತವಾಗಿ ಏಳು ದಿನ ಬಾರದೆ ಹೋದರೆ ಅದು ‘ಶಾಲೆಯಿಂದ ಹೊರಗುಳಿದ ಮಗು’ ಎಂದು ಲೆಕ್ಕಕ್ಕೆ ಬರುತ್ತದೆ. ಮೇಷ್ಟ್ರು ಮನೆಗೆ ಹೋಗಬೇಕು, ಹೆತ್ತವರನ್ನು ವಿಚಾರಿಸಬೇಕು, ಮೇಲಿನವರಿಗೆ ವರದಿ ಕಳಿಸಬೇಕು. ನಿಯಮ ಒಳ್ಳೆಯದೇ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ೨೦೧೩ರಲ್ಲಿ ನಮ್ಮ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡು ಸರ್ಕಾರವನ್ನು ಪ್ರಶ್ನಿಸಿದ್ದನ್ನು ನಾವು ಮರೆತಿಲ್ಲ. ಬಡವರ ಮಗು ತಪ್ಪಿಸಿಕೊಂಡರೆ ಹುಡುಕುವವರು ಇರಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಪ್ರಶ್ನೆ ಬೇರೆ. ಮಗು ಏಳು ದಿನ ಬಾರದಿದ್ದರೆ ಅದಕ್ಕೊಂದು ಹೆಸರಿದೆ. ಸರ್ಕಾರವೇ ಏಳು ದಿನ ಶಾಲೆಗೆ ಬಾರದಿದ್ದರೆ ಅದನ್ನು ಏನೆಂದು ಕರೆಯೋಣ? ಅದನ್ನು ಬರೆದಿಡುವ ಪುಸ್ತಕ ಯಾವುದು? ಅದರ ಮನೆಗೆ ಹೋಗಿ ವಿಚಾರಿಸುವ ಅಧಿಕಾರಿ ಯಾರು?

೨೦೨೫ರ ಅಕ್ಟೋಬರಿನಲ್ಲಿ ಏನಾಯಿತೆಂದು ಓದುಗರು ಬಲ್ಲರು. ದಸರಾ ರಜೆ ಮುಗಿದು ೮ನೆಯ ತಾರೀಖು ಶಾಲೆಗಳು ತೆರೆಯಬೇಕಾಗಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ೧೮ನೆಯ ತಾರೀಖಿನವರೆಗೆ ರಜೆಯನ್ನು ಎಳೆದರು. ಅದರ ಬೆನ್ನಿಗೇ ದೀಪಾವಳಿ. ಮೇಷ್ಟ್ರುಗಳು ಮನೆಮನೆ ಸುತ್ತುತ್ತಿದ್ದರು, ಮಕ್ಕಳು ಬೀದಿ ಸುತ್ತುತ್ತಿದ್ದವು. ಅದೇ ದಿನಗಳಲ್ಲಿ ಅನುದಾನವಿಲ್ಲದ ಖಾಸಗಿ ಶಾಲೆಗಳ ಬಸ್ಸುಗಳು ಎಂದಿನಂತೆ ಓಡಿದವು. ಫೀಸು ಕೊಟ್ಟ ಮಗು ಪಾಠ ಕಲಿಯಿತು, ಫೀಸಿಗೆ ಗತಿಯಿಲ್ಲದ ಮಗು ಮನೆಯಲ್ಲಿ ಉಳಿಯಿತು.

ಸಮೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಯಾವ ಜಾತಿ ಎಷ್ಟು ಹಿಂದೆ ಬಿದ್ದಿದೆ ಎಂಬ ಲೆಕ್ಕ ಸಿಗಲೇಬೇಕು. ಆದರೆ ಹಿಂದುಳಿದವರ ಲೆಕ್ಕ ತೆಗೆಯಲು ಹಿಂದುಳಿದವರ ಮಕ್ಕಳ ಶಾಲೆಯನ್ನೇ ಮುಚ್ಚುವುದು ಯಾವ ನ್ಯಾಯ? ಓದಿ ಕೆಲಸವಿಲ್ಲದೆ ಕೂತ ಹುಡುಗ ಹುಡುಗಿಯರು ಊರೂರಲ್ಲಿ ಇದ್ದಾರೆ. ಅವರಿಗೆ ಕೂಲಿ ಕೊಟ್ಟು ಈ ಕೆಲಸ ಮಾಡಿಸಲು ಆಗುತ್ತಿರಲಿಲ್ಲವೇ? ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೭ನೆಯ ಕಲಮು ಮೇಷ್ಟ್ರನ್ನು ಪಾಠ ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ, ಈ ಮೂರಕ್ಕೆ ಮಾತ್ರ ವಿನಾಯಿತಿ. ಕಾಯಿದೆ ಮಾಡಿದವರೂ ಆಳುವವರೇ, ಅದನ್ನು ಗೂಟಕ್ಕೆ ನೇತುಹಾಕಿದವರೂ ಆಳುವವರೇ.

ಹಾಜರಿಯ ಕಡ್ಡಾಯ ಎಂಬ ಮಾತಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಮಿಲ್ಲಿಗೂ ಶಾಲೆಗೂ ಇರುವ ನಂಟು ಅದರಲ್ಲಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ೧೮೩೩ರ ಕಾರ್ಖಾನೆ ಕಾಯಿದೆ, ಒಂಬತ್ತರಿಂದ ಹದಿಮೂರು ವರ್ಷದೊಳಗಿನ ಮಿಲ್ಲು ಮಕ್ಕಳು ದಿನಕ್ಕೆ ಎರಡು ಗಂಟೆ ಶಾಲೆಯಲ್ಲಿ ಕೂರಬೇಕು, ಹಾಜರಿಯ ಚೀಟಿಯನ್ನು ಮಾಲೀಕ ಇಟ್ಟುಕೊಳ್ಳಬೇಕು ಎಂದು ವಿಧಿಸಿತು. ಮಾಲೀಕರು ಚೀಟಿ ಇಟ್ಟುಕೊಂಡರು. ಆದರೆ ಕಾರ್ಖಾನೆ ಇನ್ಸ್‌ಪೆಕ್ಟರುಗಳು ಹೋಗಿ ನೋಡಿದರೆ ಕೆಲವು ಚೀಟಿಗಳ ಮೇಲೆ ಸಹಿಯೇ ಇಲ್ಲ, ಬರೀ ಗೀಟು. ಆ ‘ಮೇಷ್ಟ್ರು’ಗಳಿಗೆ ಸ್ವಂತ ಹೆಸರು ಬರೆಯಲೂ ಬರುತ್ತಿರಲಿಲ್ಲ! ಮೇಷ್ಟ್ರು ತನ್ನ ಕೈಯಾರೆ ಚೀಟಿ ತುಂಬಿ ಪೂರ್ತಿ ಹೆಸರು ಬರೆಯಬೇಕೆಂದು ೧೮೪೪ರಲ್ಲಿ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಕಾಗದದ ಮೇಲೆ ಹಾಜರಿ ತುಂಬಿದ ಮಾತ್ರಕ್ಕೆ ಮಗುವಿನ ತಲೆ ತುಂಬುವುದಿಲ್ಲ ಎಂಬ ಪಾಠ ಅಷ್ಟು ಹಳೆಯದು. ಅದೇ ಇಂಗ್ಲಿಷರು ೧೮೮೧ರಲ್ಲಿ ನಮ್ಮ ದೇಶಕ್ಕೆ ಕಾರ್ಖಾನೆ ಕಾಯಿದೆ ಮಾಡಿದಾಗ ಏಳು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದು ಎಂದರು. ಶಾಲೆಯ ಮಾತನ್ನು ಎತ್ತಲಿಲ್ಲ.

ಮಾರನೆಯ ವರ್ಷ, ೧೮೮೨ರಲ್ಲಿ, ಮಹಾತ್ಮ ಜ್ಯೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಎಲ್ಲರಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬೇಕೆಂದು ಕೇಳಿದರು. ದುಡಿಯುವವರ ಬೆವರಿನ ಕಂದಾಯ ಮೇಲಿನವರ ವಿದ್ಯೆಗೆ ಖರ್ಚಾಗುತ್ತಿದೆ ಎಂದು ಮುಖದ ಮೇಲೆ ಹೇಳಿದರು. ೧೯೧೧ರಲ್ಲಿ ಗೋಖಲೆಯವರು ತಂದ ಮಸೂದೆಯನ್ನು ಮರುವರ್ಷ ತಳ್ಳಿಹಾಕಿದರು. ಮೈಸೂರು ಸಂಸ್ಥಾನ ೧೯೧೩ರಲ್ಲಿ ಕಾಯಿದೆ ಮಾಡಿ ಕಡ್ಡಾಯ ಶಿಕ್ಷಣಕ್ಕೆ ಕೈಹಾಕಿತು. ಸ್ವತಂತ್ರ ಭಾರತದ ಸಂವಿಧಾನ ಹತ್ತು ವರ್ಷದೊಳಗೆ, ಅಂದರೆ ೧೯೬೦ರ ಹೊತ್ತಿಗೆ, ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು ೪೫ನೆಯ ವಿಧಿಯಲ್ಲಿ ಬರೆಯಿತು. ೧೯೬೦ ಬಂತು, ಹೋಯಿತು. ೧೯೬೧ರಲ್ಲಿ ನಮ್ಮ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಮಗುವನ್ನು ಕಳಿಸದ ತಂದೆತಾಯಿಗೆ ಅದರಲ್ಲಿ ದಂಡವಿತ್ತು. ಶಾಲೆ ನಡೆಸದ ಸರ್ಕಾರಕ್ಕೆ?

೨೦೦೯ರ ಕಾಯಿದೆ ಈ ಲೆಕ್ಕವನ್ನು ತಿರುವಿಹಾಕಿತು. ೨೦೧೦ರ ಏಪ್ರಿಲ್ ೧ರಿಂದ ಅದು ಜಾರಿಯಲ್ಲಿದೆ. ಅದರ ೮ನೆಯ ಕಲಮಿನಲ್ಲಿ ‘ಕಡ್ಡಾಯ’ ಎಂದರೆ ಏನೆಂದು ವಿವರಣೆ ಇದೆ. ಮಗುವಿನ ಸೇರ್ಪಡೆ, ಹಾಜರಾತಿ ಮತ್ತು ಪೂರ್ತಿ ಓದು, ಈ ಮೂರನ್ನೂ ನೋಡಿಕೊಳ್ಳುವ ಕಡ್ಡಾಯ ಸರ್ಕಾರದ ಮೇಲಿದೆ! ಹೆತ್ತವರಿಗೂ ಕರ್ತವ್ಯವಿದೆ, ಆದರೆ ಕಾಯಿದೆ ಅವರಿಗೆ ದಂಡ ಹೇಳಿಲ್ಲ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಗೈರು ಎಂದು ಬಿದ್ದರೆ, ಕಾಯಿದೆಯ ಕಣ್ಣಲ್ಲಿ ಅದು ಮೊದಲು ಸರ್ಕಾರದ ಗೈರು. ಈ ಮಾತನ್ನು ಯಾವ ಮಂತ್ರಿಯೂ ವೇದಿಕೆಯ ಮೇಲೆ ಹೇಳುವುದಿಲ್ಲ. ನಾವು ಹೇಳಬೇಕಾಗಿದೆ.

ಈಗ ಶಾಲೆಯ ಒಳಗೆ ಬನ್ನಿ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ದಿನ, ೮೦೦ ಗಂಟೆ ಪಾಠ ನಡೆಯಬೇಕೆಂದು ಕಾಯಿದೆಯ ಅನುಸೂಚಿ ಹೇಳುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಯಿತು. ಅರವತ್ತು ಮಕ್ಕಳವರೆಗೆ ಕನಿಷ್ಠ ಇಬ್ಬರು ಮೇಷ್ಟ್ರು ಬೇಕೆಂದೂ ಅದೇ ಅನುಸೂಚಿ ಹೇಳುತ್ತದೆ. ಆದರೆ ೨೦೨೪-೨೫ರ ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರ ದೇಶದಲ್ಲಿ ಒಬ್ಬರೇ ಮೇಷ್ಟ್ರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲೇ ಏಳು ಸಾವಿರಕ್ಕೂ ಹೆಚ್ಚು. ಐದು ತರಗತಿ, ಒಬ್ಬ ಮೇಷ್ಟ್ರು. ನಾಲ್ಕು ಗಂಟೆಯನ್ನು ಐದಕ್ಕೆ ಹಂಚಿದರೆ ಒಂದು ತರಗತಿಗೆ ೪೮ ನಿಮಿಷ. ಅದರಲ್ಲಿ ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಎಲ್ಲವೂ ಆಗಬೇಕು.

ಮಿಲ್ಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಆಳಿಗೆ ಇಷ್ಟು ಮಗ್ಗ ಎಂದು ಮಾಲೀಕ ಏರಿಸುತ್ತಾ ಹೋದಾಗ ನಾವು ಮುಷ್ಕರ ಹೂಡುತ್ತೇವೆ. ಮಗ್ಗವಾದರೂ ಯಂತ್ರ, ಎಳೆ ಹರಿಯುವವರೆಗೆ ತಾನೇ ಓಡುತ್ತದೆ. ಆರು ವರ್ಷದ ಮಗು ತಾನೇ ಓಡುವುದಿಲ್ಲ. ನಲಿ-ಕಲಿ ಪದ್ಧತಿಯಲ್ಲಿ ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಬಹುದು, ಅದು ಒಳ್ಳೆಯ ಪದ್ಧತಿಯೇ. ಆದರೆ ಗುಂಪಿನಿಂದ ಗುಂಪಿಗೆ ಹೋಗಲು ಮೇಷ್ಟ್ರು ಕೋಣೆಯಲ್ಲಿ ಇರಬೇಕಲ್ಲ!

ಅವರ ದಿನಚರಿ ಕೇಳಿ. ಗಂಟೆ ಹೊಡೆಸಬೇಕು, ಪ್ರಾರ್ಥನೆ, ನಾಡಗೀತೆ, ೨೦೨೩ರಿಂದ ಸಂವಿಧಾನದ ಪೀಠಿಕೆ ಓದಿಸಬೇಕು. ಹಾಜರಿ ತೆಗೆದು ಅಡುಗೆಯವರಿಗೆ ಎಷ್ಟು ಎಲೆ ಎಂದು ಲೆಕ್ಕ ಕೊಡಬೇಕು. ಹಾಲು ಕಾಯಿಸಿದ್ದನ್ನು ನೋಡಬೇಕು, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು ಎಂದು ಬರೆಯಬೇಕು, ಅದನ್ನೇ ಮತ್ತೆ ಮೊಬೈಲಿನಲ್ಲಿ ತುಂಬಬೇಕು. ಊಟ ಬಡಿಸುವಾಗ ನಿಂತಿರಬೇಕು. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಮಾಹಿತಿ ಈಗಲೇ ಬೇಕೆಂದು ಸಂದೇಶ. ಊಟ ಬೇಡವೆನ್ನುವವರು ನಾವಲ್ಲ. ೨೦೦೨ರಲ್ಲಿ ಅಕ್ಷರ ದಾಸೋಹ ಬಂದದ್ದೂ ೨೦೧೩ರಲ್ಲಿ ಹಾಲು ಬಂದದ್ದೂ ಬಡವರ ಮಕ್ಕಳಿಗೆ ದೊಡ್ಡ ಆಸರೆ. ಹಸಿದ ಹೊಟ್ಟೆಗೆ ಕಾಗುಣಿತ ಇಳಿಯದೆಂದು ಪಾಠ ಹೇಳಿದ ನಮಗೆ ಗೊತ್ತು. ನಾವು ಕೇಳುವುದು, ಈ ಕೆಲಸಕ್ಕೊಬ್ಬ ಗುಮಾಸ್ತನನ್ನು ಏಕೆ ಕೊಡಲಿಲ್ಲ ಎಂದು. ಖಾಲಿ ಜಾಗಕ್ಕೆ ‘ಅತಿಥಿ ಶಿಕ್ಷಕ’ರನ್ನು ಕಳಿಸುತ್ತಾರೆ. ಹೆಸರು ಅತಿಥಿ, ಬಾಳು ನಮ್ಮ ಮಿಲ್ಲಿನ ಬದಲಿ ಆಳಿನದು. ಇಂದು ಉಂಟು, ನಾಳೆ ಇಲ್ಲ.

ಮೇಷ್ಟ್ರುಗಳೇ ಕಳ್ಳಬೀಳುತ್ತಾರೆ ಎಂದು ಹೇಳುವವರಿದ್ದಾರೆ. ಕಳ್ಳಬೀಳುವವರು ಇದ್ದಾರೆ, ಅವರ ಪರವಾಗಿ ನಾವು ವಕಾಲತ್ತು ಹಾಕುವುದಿಲ್ಲ. ಆದರೆ ಲೆಕ್ಕ ಏನೆನ್ನುತ್ತದೆ? ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಆರು ರಾಜ್ಯಗಳ ಶಾಲೆಗಳನ್ನು ನೋಡಿ ೨೦೧೭ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರು ಮೇಷ್ಟ್ರುಗಳಲ್ಲಿ ಹದಿನೆಂಟು ಹತ್ತೊಂಬತ್ತು ಮಂದಿ ಶಾಲೆಯಲ್ಲಿರಲಿಲ್ಲ. ಕಾರಣವಿಲ್ಲದೆ ತಪ್ಪಿಸಿಕೊಂಡವರು ಅದರಲ್ಲಿ ಎರಡೂವರೆ ಮಾತ್ರ. ಉಳಿದವರು ರಜೆಯಲ್ಲಿದ್ದರು, ಇಲ್ಲವೇ ಇಲಾಖೆಯೇ ಹೇಳಿದ ಕೆಲಸದ ಮೇಲಿದ್ದರು. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ಇದು.

ಇಂಥ ಸ್ಥಿತಿಯಲ್ಲಿ ೨೦೨೫ರಲ್ಲಿ ರಾಜ್ಯ ಸರ್ಕಾರಕ್ಕೆ ಹೊಳೆದ ಉಪಾಯವೇನು? ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರಪದ್ಧತಿ! ಸುಳ್ಳು ಹಾಜರಿ ತಡೆಯಲು ಇದು ಬೇಕಂತೆ. ಮೇಷ್ಟ್ರಿಲ್ಲದ ಶಾಲೆಯಲ್ಲಿ ಮಗುವಿನ ಮುಖವನ್ನು ಯಂತ್ರ ಗುರುತಿಸಿ ಮಾಡುವುದೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬಡವರ ಮಕ್ಕಳ ಮುಖಗಳನ್ನು ಸಂಗ್ರಹಿಸಿ ಎಲ್ಲಿ ಇಡುತ್ತಾರೆ, ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ಯಂತ್ರಕ್ಕೆ ಹಾಕುವ ಹಣದಲ್ಲಿ ಎಷ್ಟು ಮೇಷ್ಟ್ರುಗಳ ಸಂಬಳವಾದೀತು ಎಂದು ಮೊದಲು ಲೆಕ್ಕ ಕೊಡಲಿ.

ಇನ್ನು ಮಗು ಏಕೆ ಬಾರದು ಎಂಬುದನ್ನು ಮನೆಯ ಕಡೆಯಿಂದ ನೋಡೋಣ. ಶಾಲೆ ತೆರೆಯುವುದು ಹತ್ತಕ್ಕೆ, ಮಿಲ್ಲಿನ ಮೊದಲ ಪಾಳಿ ಅದಕ್ಕೂ ಎಷ್ಟೋ ಮುಂಚೆ. ತಾಯಿ ಪಾಳಿಗೆ ಹೋದರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳುವವರು ಯಾರು? ಹತ್ತು ವರ್ಷದ ಅಕ್ಕ. ಹಾಜರಿ ಪುಸ್ತಕದಲ್ಲಿ ಆ ಅಕ್ಕ ಗೈರು. ಅವಳನ್ನು ಗೈರು ಮಾಡಿಸಿದವನು ಶಿಶುವಿಹಾರ ತೆರೆಯದ ಮಾಲೀಕ. ೧೯೪೮ರ ಕಾರ್ಖಾನೆ ಕಾಯಿದೆ, ೧೯೭೬ರ ತಿದ್ದುಪಡಿಯಾದ ಮೇಲೆ, ಮೂವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಶಿಶುವಿಹಾರ ಕಡ್ಡಾಯ ಎಂದಿತ್ತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಐವತ್ತು ಕೆಲಸಗಾರರು ಎಂಬ ಲೆಕ್ಕ ಇಟ್ಟಿದೆ. ಅಂಕಿ ಯಾವುದಾದರೂ ಇರಲಿ, ತೊಟ್ಟಿಲು ಕಟ್ಟಿದ ಕಾರ್ಖಾನೆ ನಮ್ಮ ಸುತ್ತಮುತ್ತ ಎಷ್ಟಿವೆ ಎಂದು ಬಂಧುಗಳೇ ಎಣಿಸಿ ನೋಡಲಿ.

ಚಿಕ್ಕ ವ್ಯಾಪಾರಿಗಳಿಗೂ ಒಂದು ಮಾತು. ಸಂತೆಯ ದಿನ ಮಗ ಅಂಗಡಿಯಲ್ಲಿ ಕೂರುತ್ತಾನೆ. ನಿಮ್ಮ ಕಷ್ಟ ನಮಗೆ ತಿಳಿಯದ್ದಲ್ಲ, ಆಳಿಗೆ ಕೂಲಿ ಕೊಡುವಷ್ಟು ಗಿಟ್ಟುವುದಿಲ್ಲ. ೨೦೧೬ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿ ತಂದವರು ಮನೆಯ ಕಸುಬಿನಲ್ಲಿ ಶಾಲೆಯ ಹೊತ್ತಿನ ಹೊರಗೆ ಮಗು ನೆರವಾಗಬಹುದು ಎಂದು ಒಂದು ಹಿಂಬಾಗಿಲು ತೆರೆದಿಟ್ಟರು. ನೋಡಲು ಇದು ನಿಮಗೆ ಉಪಕಾರ. ಆದರೆ ರಾತ್ರಿ ಹತ್ತರವರೆಗೆ ತಕ್ಕಡಿ ಹಿಡಿದ ಮಗು ಬೆಳಿಗ್ಗೆ ಹಾಜರಿ ಹೇಳಿ ಬೆಂಚಿನ ಮೇಲೆ ನಿದ್ದೆ ಹೋಗುತ್ತದೆ. ದೇಹ ಹಾಜರು, ಬುದ್ಧಿ ಗೈರು. ದೊಡ್ಡ ವ್ಯಾಪಾರಿಯ ಮಗ ಆ ಹೊತ್ತಿಗೆ ಮನೆಪಾಠ ಮುಗಿಸಿರುತ್ತಾನೆ. ಮುಂದೆ ಇಬ್ಬರೂ ಒಂದೇ ಪರೀಕ್ಷೆಗೆ ಕೂರಬೇಕಲ್ಲ!

ಬಡವನೂ ಸಾಹುಕಾರನೂ ತನ್ನ ನೆರೆಯ ಒಂದೇ ಶಾಲೆಗೆ ಮಗುವನ್ನು ಕಳಿಸುವ ವ್ಯವಸ್ಥೆ ಬರಲಿ ಎಂದು ೧೯೬೪-೬೬ರ ಕೊಠಾರಿ ಆಯೋಗವೇ ಹೇಳಿತ್ತು. ರಾಷ್ಟ್ರದ ವರಮಾನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಎತ್ತಿಡಿ ಎಂದೂ ಹೇಳಿತ್ತು. ಎರಡೂ ಆಗಲಿಲ್ಲ. ಅಧಿಕಾರಿಯ ಮಗು ಸರ್ಕಾರಿ ಶಾಲೆಯಲ್ಲಿದ್ದಿದ್ದರೆ ಅಕ್ಟೋಬರಿನಲ್ಲಿ ಅದು ಅಷ್ಟು ದಿನ ಮುಚ್ಚುತ್ತಿತ್ತೇ?

ನಮ್ಮ ಬೇಡಿಕೆಗಳು ಇವು:

೧. ಯಾವ ಶಾಲೆಯಲ್ಲೂ ಇಬ್ಬರಿಗಿಂತ ಕಡಿಮೆ ಮೇಷ್ಟ್ರು ಇರಬಾರದು. ಕಾಯಿದೆಯಲ್ಲಿ ಬರೆದದ್ದು ನಡೆಯಲಿ.

೨. ಖಾಲಿ ಜಾಗಗಳಿಗೆ ಖಾಯಂ ನೇಮಕವಾಗಲಿ, ‘ಅತಿಥಿ’ಗಳ ಬದಲಿ ಬಾಳು ಮುಗಿಯಲಿ.

೩. ಸಮೀಕ್ಷೆ, ಪಟ್ಟಿ, ವರದಿಗಳಿಗೆ ಬೇರೆ ಆಳು ಬರಲಿ.

೪. ಪಾಳಿ ಇರುವ ಪ್ರತಿಯೊಂದು ಮಿಲ್ಲಿನ ಹತ್ತಿರವೂ ಪಾಳಿಯ ಹೊತ್ತಿಗೆ ತೆರೆಯುವ ಶಿಶುವಿಹಾರ ಇರಲಿ.

೫. ಮುಖ ಗುರುತಿಸುವ ಯಂತ್ರದ ಯೋಜನೆಯನ್ನು ಕೈಬಿಡಲಿ.

ಬೇಡಿಕೆ ಬರೆದು ಕೂತರೆ ಸಾಲದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದೊಂದಿದೆ. ಕಾಯಿದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಸಮಿತಿಯ ಅರ್ಧ ಹೆಂಗಸರಿರಬೇಕು. ಅದರ ಸಭೆಗೆ ಹೋಗಿ. ಅಂಗಡಿ ಒಂದು ಗಂಟೆ ಮುಚ್ಚಿದರೂ ಚಿಂತೆಯಿಲ್ಲ, ಪಾಳಿ ಬದಲಿಸಿಕೊಂಡಾದರೂ ಹೋಗಿ. ಶಾಲೆಯ ಹೊರಗೋಡೆಗೆ ಒಂದು ಕರಿಹಲಗೆ ತೂಗುಹಾಕಿ. ಈ ತಿಂಗಳು ಎಷ್ಟು ದಿನ ಪಾಠ ನಡೆಯಿತು, ಮೇಷ್ಟ್ರನ್ನು ಎಷ್ಟು ದಿನ ಬೇರೆ ಕೆಲಸಕ್ಕೆ ಕರೆದೊಯ್ದರು, ಎಷ್ಟು ಜಾಗ ಖಾಲಿ ಇದೆ, ನೀರಿತ್ತೇ, ಶೌಚಾಲಯದ ಬಾಗಿಲಿತ್ತೇ ಎಂದು ಬಳಪದಲ್ಲಿ ಬರೆಯಿರಿ. ಅದು ಸರ್ಕಾರದ ಹಾಜರಿ ಪುಸ್ತಕ. ತಿಂಗಳ ಕೊನೆಗೆ ಅದರ ನಕಲನ್ನು ಶಿಕ್ಷಣಾಧಿಕಾರಿಯ ಮೇಜಿನ ಮೇಲೆ ಇಟ್ಟು ರಸೀತಿ ಕೇಳಿ. ಮಿಲ್ಲಿನ ಸಂಘಗಳು ಬೋನಸ್ಸಿನ ಜೊತೆಗೆ ಇದನ್ನೂ ತಮ್ಮ ಬೇಡಿಕೆ ಪಟ್ಟಿಗೆ ಸೇರಿಸಿಕೊಳ್ಳಲಿ. ಹೆಸರು ಕೂಗುವ ಕೆಲಸ ಇನ್ನು ಮೇಲೆ ನಮ್ಮದು, ಓಗೊಡುವ ಸರದಿ ಸರ್ಕಾರದ್ದು.