ಮಳೆನೀರು ತರುವ ಮಾಲಿನ್ಯದ ಲೆಕ್ಕವನ್ನೂ ಇಡುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು.
ಮೂಲಕ: ಮಂಡಳಿಯ ಪ್ರಾದೇಶಿಕ ಕಚೇರಿ, ರಾಯಚೂರು.

ವಿಷಯ: ಹಟ್ಟಿ, ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಭಾಗದಲ್ಲಿ ಮಳೆನೀರಿನ ರಾಸಾಯನಿಕ ಪರೀಕ್ಷೆ ಆರಂಭಿಸುವ ಕುರಿತು.

ಮಾನ್ಯರೇ,

ಜನ ಉಸಿರಾಡುವ ಬಯಲು ಗಾಳಿಯಲ್ಲಿ ಯಾವ ಮಲಿನಕಾರಿ ಎಷ್ಟಿರಬಹುದೆಂಬುದನ್ನು 2009ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡಗಳು ಗೊತ್ತುಪಡಿಸಿದ್ದು, ಅವು ಹೆಸರಿಸುವ ಹನ್ನೆರಡು ಮಲಿನಕಾರಿಗಳಲ್ಲಿ ಆರ್ಸೆನಿಕ್ ಕೂಡ ಒಂದಾಗಿದೆ. ಅದರ ವಾರ್ಷಿಕ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 6 ನ್ಯಾನೊಗ್ರಾಂ. ಆದರೆ ಈ ಮಿತಿಗಳೆಲ್ಲ ಗಾಳಿಯಲ್ಲಿ ತೇಲುತ್ತಿರುವುದಕ್ಕೆ ಮಾತ್ರ ಅನ್ವಯಿಸುವುದರಿಂದ, ಮಳೆಯ ಮರುದಿನ ಗಾಳಿಯ ಅಂಕಿಅಂಶ ತಗ್ಗಿದರೆ ಮಾಲಿನ್ಯವೇ ತಗ್ಗಿತೆಂದು ಕಾಗದದಲ್ಲಿ ದಾಖಲಾಗುತ್ತದೆ. ತಗ್ಗಿದ ಪಾಲು ಮಾಳಿಗೆಗೆ, ಹೊಲಕ್ಕೆ, ಕೆರೆಗೆ ಇಳಿದಿರುತ್ತದೆಯೇ ಹೊರತು ಇಲ್ಲವಾಗಿರುವುದಿಲ್ಲ. ಇಳಿದದ್ದನ್ನೂ ಮಂಡಳಿಯು ಅಳೆಯಬೇಕೆಂಬುದೇ ಈ ಭಾಗದ ನಾಗರಿಕರ ಮನವಿಯ ತಿರುಳು.

ಮಳೆಯು ಗಾಳಿಯ ಮಲಿನವನ್ನು ಎರಡು ಹಂತಗಳಲ್ಲಿ ಎತ್ತಿಕೊಳ್ಳುತ್ತದೆ. ಮೊದಲನೆಯದು ಮೋಡದೊಳಗೆ ನಡೆಯುವಂಥದ್ದು: ನೀರಾವಿಯು ಹನಿಯಾಗಲು ಒಂದು ಕಣದ ಆಸರೆ ಬೇಕಾಗಿದ್ದು, ಕಲ್ಲಿದ್ದಲಿನ ಹೊಗೆಯಿಂದ ಹುಟ್ಟುವ ಸಲ್ಫೇಟ್‌ನಂತಹ ನೀರಿನಲ್ಲಿ ಕರಗುವ ಸೂಕ್ಷ್ಮ ಕಣಗಳು ಅಂತಹ ಆಸರೆಯಾಗಿ ಒದಗುವುದರಿಂದ, ಹನಿಯು ತನ್ನ ಹುಟ್ಟಿನಲ್ಲೇ ಮಲಿನವನ್ನು ಒಳಗೊಂಡಿರುತ್ತದೆ. ಎರಡನೆಯದು ಮೋಡದ ಕೆಳಗೆ, ಬೀಳುವ ಹನಿಯು ದಾರಿಯಲ್ಲಿನ ದೂಳಿಗೆ ಡಿಕ್ಕಿ ಹೊಡೆದು ಅದನ್ನು ಹಿಡಿದುಕೊಳ್ಳುವ ಹಂತ. ಇಲ್ಲಿ ದಪ್ಪ ಕಣಗಳು ಸುಲಭವಾಗಿ ಸಿಕ್ಕಿಬೀಳುತ್ತವೆ, ತೀರ ಸಣ್ಣವು ಅತ್ತಿತ್ತ ಅಲೆದಾಡುತ್ತ ತಾವಾಗಿ ಹನಿಗೆ ತಗಲುತ್ತವೆ. ಇವೆರಡರ ನಡುವಣ, ಸುಮಾರು 0.1ರಿಂದ 1 ಮೈಕ್ರೋಮೀಟರ್ ಗಾತ್ರದವು ಮಾತ್ರ ಹನಿಯ ಸುತ್ತ ಸರಿಯುವ ಗಾಳಿಯೊಡನೆ ನುಣುಚಿಕೊಳ್ಳುತ್ತವೆ. ದಪ್ಪ ಕಣಗಳು ಗಾಳಿಯಲ್ಲಿ ಹೆಚ್ಚು ದೂರ ಸಾಗಲಾರವು, ಸೂಕ್ಷ್ಮ ಕಣಗಳು ಸಾಗಬಲ್ಲವು. ಹೀಗಾಗಿ ದಪ್ಪ ದೂಳು ಹೆಚ್ಚಾಗಿ ಹತ್ತಿರದ ಮೂಲವನ್ನೂ, ಕರಗಿದ ಸೂಕ್ಷ್ಮಾಂಶವು ದೂರದ ಚಿಮಣಿಯನ್ನೂ ಸೂಚಿಸುತ್ತದೆಯಾದ್ದರಿಂದ, ಸೋಸಿದ ನೀರನ್ನೂ ಸೋಸಿ ಉಳಿದ ಗಸಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರೆ ಯಾರ ಪಾಲು ಎಷ್ಟೆಂಬುದರ ಅಂದಾಜು ದೊರೆಯುತ್ತದೆ.

ಹಟ್ಟಿಯಲ್ಲಿ ಈ ಪರೀಕ್ಷೆಗೆ ವಿಶೇಷ ಕಾರಣವಿದೆ. ಇಲ್ಲಿನ ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್, ಅಂದರೆ ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಖನಿಜವಿದ್ದು, ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿಯುವ ತ್ಯಾಜ್ಯವು ಗಣಿಯ ಪಕ್ಕದಲ್ಲೇ ಸಂಗ್ರಹವಾಗುತ್ತದೆ. ಇಂತಹ ತ್ಯಾಜ್ಯದ ಒಣಗಿದ ಮೇಲ್ಮೈ ಬೇಸಿಗೆಯ ಗಾಳಿಗೆ ಏಳಬಲ್ಲದೆಂಬುದಕ್ಕೆ, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ನಂತರವೂ ಕೋಲಾರದ ಚಿನ್ನದ ಗಣಿ ಪ್ರದೇಶದ ನಿವಾಸಿಗಳು ಸೈನೈಡ್ ದಿಬ್ಬಗಳ ದೂಳನ್ನು ಸಹಿಸುತ್ತ ಬಂದಿರುವುದೇ ಸಾಕ್ಷಿ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮರೋಗ ಬಂದದ್ದು ದಾಖಲಾಗಿದೆ. ಅಂತಹ ಊರುಗಳಿಗೆ ಮಳೆನೀರು ಹಿಡಿದು ಕುಡಿಯಿರಿ ಎಂಬ ಸಲಹೆ ಸಹಜವಾಗಿಯೇ ಹೋಗುವುದರಿಂದ, ಆ ಮಳೆನೀರು ಎಂತಹುದೆಂದು ಮೊದಲು ತಿಳಿದಿರಬೇಕಾಗುತ್ತದೆ. ಲೆಕ್ಕಕ್ಕಾಗಿ, ಒಂದು ಲೀಟರ್ ಮಳೆನೀರಿನಲ್ಲಿ 1 ಮೈಕ್ರೋಗ್ರಾಂ ಆರ್ಸೆನಿಕ್ ಇದೆಯೆಂದು ಇಟ್ಟುಕೊಂಡರೆ, ಅದು ಕುಡಿಯುವ ನೀರಿನ ಮಿತಿಯಾದ 10 ಮೈಕ್ರೋಗ್ರಾಂನ ಹತ್ತನೇ ಒಂದು ಪಾಲಷ್ಟೇ. ಆದರೂ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವಲ್ಲಿ ಒಂದು ಎಕರೆ ಹೊಲಕ್ಕೆ ಸುಮಾರು 2.4 ಗ್ರಾಂ ಆರ್ಸೆನಿಕ್ ಸೇರುತ್ತದೆ, ಮತ್ತು ಅದು ಕೊಳೆತು ಕರಗಿಹೋಗುವ ವಸ್ತುವಲ್ಲ.

ಹೊಣೆಯನ್ನು ಗಣಿಯೊಂದರ ಮೇಲೆ ಹೊರಿಸುವುದು ಮನವಿದಾರರ ಉದ್ದೇಶವಲ್ಲ. ಶಕ್ತಿನಗರ ಮತ್ತು ಯರಮರಸ್‌ನ ಶಾಖೋತ್ಪನ್ನ ಸ್ಥಾವರಗಳು ಜಿಲ್ಲೆಯ ಪೂರ್ವ ಭಾಗದಲ್ಲಿದ್ದು, ಮುಂಗಾರಿನ ಪಡುವಣ ಗಾಳಿ ಅವುಗಳ ಹೊಗೆಯನ್ನು ಆಚೆಗೆ ಒಯ್ದರೂ, ಹಿಂಗಾರಿನಲ್ಲಿ ಗಾಳಿ ಮೂಡಣದಿಂದ ತಿರುಗಿದಾಗ ಅದೇ ಹೊಗೆ ಲಿಂಗಸುಗೂರಿನ ಕಡೆಗೆ ಸರಿಯಬಹುದಾಗಿದೆ. ಸಿಂಧನೂರು ಭಾಗದಲ್ಲಿ ಭತ್ತದ ಕೂಳೆ ಸುಡುವ ಹೊಗೆಯೂ ಉಂಟು, ಅದರಲ್ಲಿ ರೈತರದೇ ಪಾಲಿದೆ. ಆದ್ದರಿಂದ ಒಂದೇ ಋತುವಿನ ಮಾದರಿ ಸಾಲದು.

ಮಳೆನೀರು ಹುಳಿಯಾಗಿಲ್ಲ, ಆದ್ದರಿಂದ ಶುದ್ಧ ಎಂಬ ಉತ್ತರವನ್ನು ಮನವಿದಾರರು ಮುಂಚಿತವಾಗಿಯೇ ನಿರಾಕರಿಸುತ್ತಾರೆ. ಶುದ್ಧ ಮಳೆಯೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಪಿಎಚ್ 5.6ರಷ್ಟು, ಅಂದರೆ ತುಸು ಹುಳಿಯಾಗಿಯೇ ಇರುತ್ತದೆ. ಎರೆಭೂಮಿಯ ಸುಣ್ಣದಂಶವುಳ್ಳ ದೂಳು ಬೆರೆತಾಗ ಗಂಧಕಾಮ್ಲವೂ ಶಮನಗೊಳ್ಳುತ್ತದೆ. ಪಿಎಚ್ ಏರಿದ ಮಾತ್ರಕ್ಕೆ ಸಲ್ಫೇಟ್ ಆಗಲಿ ಆರ್ಸೆನಿಕ್ ಆಗಲಿ ನೀರಿನಿಂದ ಹೊರಟುಹೋಗುವುದಿಲ್ಲ.

ಈ ಕಾರಣಗಳಿಂದ, ಹಟ್ಟಿ, ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರಿನಲ್ಲಿ ಮಳೆ ಬೀಳುವಾಗ ಮಾತ್ರ ಮುಚ್ಚಳ ತೆರೆದುಕೊಳ್ಳುವ ಸಂಗ್ರಾಹಕಗಳನ್ನು ಸ್ಥಾಪಿಸಿ, ಮುಂಗಾರು ಹಿಂಗಾರುಗಳೆರಡರಲ್ಲೂ ಸಲ್ಫೇಟ್, ನೈಟ್ರೇಟ್, ಅಮೋನಿಯಂ, ಕ್ಯಾಲ್ಸಿಯಂ, ಆರ್ಸೆನಿಕ್ ಮತ್ತು ಸೀಸವನ್ನು ಅಳೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಷ್ಟು ಮಳೆ ಬಿತ್ತೆಂದು ತಿಳಿಸುತ್ತಲೇ ಇರುವುದರಿಂದ, ಆ ಅಂಕಿಗಳೊಡನೆ ಇವನ್ನು ಗುಣಿಸಿ, ಎಕರೆಗೆ ಎಷ್ಟು ಇಳಿಯಿತೆಂಬ ಲೆಕ್ಕವನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಗಣಿ ತ್ಯಾಜ್ಯದ ಒಣ ಮೇಲ್ಮೈಯನ್ನು ಬೇಸಿಗೆಯುದ್ದಕ್ಕೂ ತೇವವಾಗಿಡುವ ಅಥವಾ ಮಣ್ಣು ಹೊದಿಸಿ ಹಸಿರು ಬೆಳೆಸುವ ಷರತ್ತನ್ನು 1981ರ ವಾಯು ಕಾಯ್ದೆಯ ಅಡಿಯ ಸಮ್ಮತಿಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿ, ಅದರ ಪಾಲನೆಯನ್ನು ಸ್ಥಳದಲ್ಲೇ ಪರಿಶೀಲಿಸಬೇಕು. ತಿಂಗಳುಗಟ್ಟಲೆ ಕೂತ ದೂಳನ್ನು ತೊಳೆದು ತರುವುದು ಅಶ್ವಿನಿ, ಭರಣಿಯ ಅಡ್ಡಮಳೆಗಳೇ ಆಗಿರುವುದರಿಂದ, ಫಲಿತಾಂಶ ಬರುವವರೆಗೆ ಶಾಲೆ ಮತ್ತು ಅಂಗನವಾಡಿಗಳ ಮಳೆಕೊಯ್ಲು ತೊಟ್ಟಿಗಳಿಗೆ ಮೊದಲ ನೀರನ್ನು ಹೊರಬಿಡುವ ಕವಾಟ ಅಳವಡಿಸುವಂತೆ ಜಿಲ್ಲಾ ಪಂಚಾಯಿತಿಗೆ ಮಂಡಳಿಯು ಲಿಖಿತ ಸೂಚನೆ ನೀಡಬೇಕು. ಸಂಗ್ರಾಹಕಗಳೂ ಏಪ್ರಿಲ್ ನಡುವಿನ ಅಶ್ವಿನಿ ಮಳೆಗೆ ಮೊದಲೇ ಸಿದ್ಧವಾಗಿರಬೇಕೆಂದು ಕೋರಲಾಗಿದೆ.

ಮನವಿದಾರರು,
ಹಟ್ಟಿ, ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಭಾಗದ ನಾಗರಿಕರು