ಫಾರ್ಮುಲಾ ಒನ್ ಬಿಡು ಪುಟ್ಟಾ, ಕಂಬ ಹಿಡಿ

ಹೋದ ತಿಂಗಳು ಒಂದು ಭಾನುವಾರ ತಿಪಟೂರಿಂದ ಚಿಕ್ಕಪ್ಪ ಫೋನ್ ಮಾಡಿದ್ರು. "ಪುಟ್ಟಂಗೆ ಫೈನಲ್ ಇಯರ್ ಪ್ರಾಜೆಕ್ಟಿಗೆ 18,000 ಬೇಕಂತೆ ಕಣೋ. ಕೊಡೋದಾ ಬೇಡ್ವಾ? ನೀನೂ ಅದೇ ಓದಿದೋನಲ್ವಾ, ಒಂದ್ಸಲ ಮಾತಾಡು."

ಪುಟ್ಟ ಮೆಕ್ಯಾನಿಕಲ್, ಏಳನೇ ಸೆಮಿಸ್ಟರ್. ನಾಲ್ಕು ಜನರ ಬ್ಯಾಚು. ವಿಷಯ ಏನು ಅಂತ ಕೇಳಿದೆ. "ಫಾರ್ಮುಲಾ ಒನ್ ಕಾರಿನ ಏರೋಡೈನಮಿಕ್ಸ್ ಅಣ್ಣಾ, ಪೂರ್ತಿ ಕಾರು. ಕಾಲೇಜ್ ಪಕ್ಕದ ಅಂಗಡಿಯವ್ರೇ ಮಾಡೆಲ್, ಸಿಮ್ಯುಲೇಷನ್, ರಿಪೋರ್ಟು, ಪಿಪಿಟಿ ಎಲ್ಲಾ ಕೊಡ್ತಾರೆ. ಎಲ್ರೂ ಹಾಗೇ ಮಾಡ್ಸೋದು."

ಬೈಯೋಣ ಅಂತ ಬಾಯಿ ತೆರೆದೆ. ಆಗಲಿಲ್ಲ. ಎಂಟು ವರ್ಷದ ಹಿಂದೆ ನಾವೇನು ಕಡಿಮೆ ಇದ್ವಾ? ದುಡ್ಡು ಕೊಡಲಿಲ್ಲ ಅಷ್ಟೇ, ಸೀನಿಯರ್ ಒಬ್ಬರ ಫೈಲ್ ತಂದು ವಿಮಾನದ ರೆಕ್ಕೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರ ತೆಗೆದು ರಿಪೋರ್ಟಿಗೆ ಅಂಟಿಸಿದ್ವಿ. ವೈವಾ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಪುಟ ತಿರುವಿ ಒಂದೇ ಒಂದು ಪ್ರಶ್ನೆ ಕೇಳಿದರು: "ಗ್ರಿಡ್ ಇನ್ನೂ ಸಣ್ಣ ಮಾಡಿದ್ರೆ ಈ ಉತ್ತರ ಹೀಗೇ ಇರುತ್ತಾ?" ನಾಲ್ಕು ಜನ ಮುಖ ಮುಖ ನೋಡಿಕೊಂಡ್ವಿ. ಅವರು ಏನೂ ಅನ್ನದೆ ಸಹಿ ಹಾಕಿದರು. ಮಾರ್ಕ್ಸ್ ಚೆನ್ನಾಗೇ ಬಂತು. ಆದರೆ ಅವರು ಏನೂ ಅನ್ನಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತೆ.

ಆ ಪ್ರಶ್ನೆಯ ಅರ್ಥ ಇಷ್ಟೇ. ಸಿಎಫ್‌ಡಿ ಅಂದರೆ ವಸ್ತುವಿನ ಸುತ್ತಲಿನ ಗಾಳಿಯನ್ನು ಸಾವಿರಾರು, ಲಕ್ಷಾಂತರ ಪುಟ್ಟ ಪುಟ್ಟ ಕೋಣೆಗಳಾಗಿ ಕತ್ತರಿಸಿ, ಪ್ರತಿ ಕೋಣೆಗೂ ಗಾಳಿ ಎಷ್ಟು ಬಂತು, ಎಷ್ಟು ಹೋಯ್ತು, ಒತ್ತಡ ಎಷ್ಟು ಅಂತ ಲೆಕ್ಕ ಹಾಕೋದು. ಕೋಣೆ ದೊಡ್ಡದಾದರೆ ಉತ್ತರ ಒರಟು. ಕಂಪ್ಯೂಟರ್ ಮಾತ್ರ "ನಂಗೊತ್ತಿಲ್ಲ" ಅನ್ನೋದೇ ಇಲ್ಲ. ತಪ್ಪು ಉತ್ತರಕ್ಕೂ ಅಷ್ಟೇ ಚೆಂದದ ಬಣ್ಣ ಬಳಿದು ಕೊಡುತ್ತೆ. ಹಾಗಾಗಿ ಪ್ರಾಜೆಕ್ಟ್ ಆರಿಸುವಾಗ ಮೊದಲು ಕೇಳಬೇಕಾದ್ದು "ನನ್ನ ಉತ್ತರ ಸರಿ ಅಂತ ನಂಗೆ ಹೇಗೆ ಗೊತ್ತಾಗುತ್ತೆ?" ಅನ್ನೋದು.

ಪೂರ್ತಿ ಫಾರ್ಮುಲಾ ಒನ್ ಕಾರಿಗೆ ಇದಕ್ಕೆ ಉತ್ತರ ಇಲ್ಲ. ತಿರುಗುವ ಚಕ್ರ, ನೆಲಕ್ಕೆ ಅಂಟಿದಂಥ ತಳ, ಎಲ್ಲೆಲ್ಲೂ ಪ್ರಕ್ಷುಬ್ಧ ಗಾಳಿ. ಅದಕ್ಕೆ ಬೇಕಾದಷ್ಟು ಕೋಣೆ ಪುಟ್ಟನ ಲ್ಯಾಪ್‌ಟಾಪಲ್ಲಿ ಹಿಡಿಸಲ್ಲ.

"ಒಂದು ದುಂಡನೆಯ ಕಂಬ ತಗೋ" ಅಂದೆ. ನಕ್ಕ. "ನಮ್ಮ ತೋಟದ ಮೇಲೆ ಹೋಗೋ ಕರೆಂಟ್ ತಂತಿ ಗಾಳಿಗೆ ಗುಂಯ್ ಅನ್ನೋದು ಕೇಳಿದೀಯಲ್ಲ, ಯಾಕೆ ಹೇಳು?" ಸುಮ್ಮನಾದ.

ತಂತಿಯ ಹಿಂದೆ ಮೇಲೊಮ್ಮೆ ಕೆಳಗೊಮ್ಮೆ ಗಾಳಿಯ ಸುಳಿ ಕಳಚಿಕೊಳ್ಳುತ್ತೆ. ಸೆಕೆಂಡಿಗೆ ಎಷ್ಟು ಸಲ? ಗಾಳಿಯ ವೇಗವನ್ನು ತಂತಿಯ ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಹತ್ತಿರದ ಲೆಕ್ಕ ಸಿಗುತ್ತೆ. ವ್ಯಾಸ 1 ಸೆಂಟಿಮೀಟರ್, ಗಾಳಿ ಸೆಕೆಂಡಿಗೆ 5 ಮೀಟರ್ ಅಂದರೆ ಸುಮಾರು 100 ಸಲ. ಕಿವಿಗೆ ಕೇಳಿಸುವ ಗುಂಯ್ ಅದೇ. ಆ 0.2ಕ್ಕೆ ಸ್ಟ್ರೌಹಾಲ್ ಸಂಖ್ಯೆ ಅಂತಾರೆ.

ಪ್ರಾಜೆಕ್ಟಿಗೆ ಇದಕ್ಕಿಂತ ಸುಲಭದ ಜಾಗದಿಂದ ಶುರು ಮಾಡಬಹುದು, ರೆನಾಲ್ಡ್ಸ್ ಸಂಖ್ಯೆ 100. ಅಲ್ಲಿ ಹರಿವು ಇನ್ನೂ ಶಿಸ್ತಾಗಿರುತ್ತೆ, ಎರಡು ಆಯಾಮ ಸಾಕು, ಲ್ಯಾಪ್‌ಟಾಪ್ ತಡೆಯುತ್ತೆ. ಉತ್ತರವೂ ಮೊದಲೇ ಗೊತ್ತು: ಡ್ರ್ಯಾಗ್ ಗುಣಾಂಕ 1.3ರಿಂದ 1.4, ಸ್ಟ್ರೌಹಾಲ್ ಸಂಖ್ಯೆ 0.16, 0.17ರ ಆಸುಪಾಸು. ಮೂರು ಬೇರೆ ಬೇರೆ ಗ್ರಿಡ್‌ನಲ್ಲಿ ಅದೇ ಉತ್ತರ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಆಮೇಲೆ ನಿನ್ನದೇ ಪ್ರಶ್ನೆ. ಕಂಬದ ಹಿಂದೆ ಇನ್ನೊಂದು ಕಂಬ ನಿಲ್ಲಿಸು. ಹತ್ತಿರ ಇದ್ದಾಗ ಹಿಂದಿನದು ಮುಂದಿನದರ ಮರೆಯಲ್ಲಿ ಆರಾಮಾಗಿರುತ್ತೆ, ಸೈಕಲ್ ರೇಸಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗ್ತಾರಲ್ಲ, ಹಾಗೆ. ಕಂಬಗಳ ಅಂತರ ಸುಮಾರು ನಾಲ್ಕು ವ್ಯಾಸದ ಹತ್ತಿರ ಬಂದಾಗ ಮಧ್ಯದಲ್ಲೇ ಸುಳಿ ಹುಟ್ಟಿ ಬಲಗಳೆಲ್ಲ ಒಮ್ಮೆಲೇ ಬದಲಾಗುತ್ತವೆ. ನಿನ್ನ ಲೆಕ್ಕದಲ್ಲಿ ಅದು ಸರಿಯಾಗಿ ಎಲ್ಲಿ ಆಗುತ್ತೆ? ಒಂದು ವರ್ಷಕ್ಕೆ ಇಷ್ಟು ಧಾರಾಳ.

ಖರ್ಚೂ ಇಲ್ಲ. ಓಪನ್‌ಫೋಮ್ ಉಚಿತ. ಐಐಟಿ ಬಾಂಬೆಯ ಫಾಸೀ ಯೋಜನೆಯವರು ಅದನ್ನು ಕಲಿಯೋಕೆ ಟ್ಯುಟೋರಿಯಲ್ ಮಾಡಿಟ್ಟಿದ್ದಾರೆ. ನಿಜವಾಗಿ ದುಡ್ಡು ಬೇಕಾಗುವ ಪ್ರಾಜೆಕ್ಟಾದರೆ ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತೆ, ಗೈಡ್ ಹತ್ರ ಕೇಳಬೇಕು.

"ಆದ್ರೂ ಅಣ್ಣಾ, ರೆಸ್ಯೂಮೆಯಲ್ಲಿ ಕಂಬ ಅಂತ ಬರೆದ್ರೆ ಯಾರು ಕೆಲ್ಸ ಕೊಡ್ತಾರೆ?" ನ್ಯಾಯವಾದ ಪ್ರಶ್ನೆಯೇ. ಆದರೆ ಈಗ ಇಂಟರ್‌ವ್ಯೂ ಮಾಡುವ ಕಡೆ ಕೂರೋನು ನಾನು. ಹೊಸಬರಿಗೆ ಕೇಳೋದು ಎರಡೇ: ಪ್ರಾಜೆಕ್ಟಲ್ಲಿ ಏನು ತಪ್ಪಾಯ್ತು, ಅದು ಹೇಗೆ ಗೊತ್ತಾಯ್ತು? ಕೈಯಾರೆ ಮಾಡಿದವರು ಹತ್ತು ನಿಮಿಷ ಮಾತಾಡ್ತಾರೆ. ಮಾಡಿಸಿದವರ ಮಾತು ಟೈಟಲ್‌ಗೇ ಮುಗಿದಿರುತ್ತೆ.

ಬ್ಯಾಚಿನ ಇಬ್ಬರು ಒಪ್ಪಿದರು, ಒಬ್ಬ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಬಂತು: "ಅಣ್ಣಾ, ಡ್ರ್ಯಾಗ್ 1.8 ಬರ್ತಿದೆ, ತಪ್ಪು. ಅಕ್ಕಪಕ್ಕದ ಗೋಡೆ ಕಂಬಕ್ಕೆ ತೀರಾ ಹತ್ರ ಇಟ್ಬಿಟ್ಟಿದ್ದೆ ಅನ್ಸುತ್ತೆ. ನಾಳೆ ದೂರ ಇಟ್ಟು ನೋಡ್ತೀನಿ."

ನನ್ನ ಬಿಇ ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹೇಳದ ಮಾತು ಅದು. ತಪ್ಪಿದೆ ಅಂತ ಅವನಿಗೆ ಯಾರೂ ಹೇಳಿಕೊಡಲಿಲ್ಲ.

ಚಿಕ್ಕಪ್ಪ ಮತ್ತೆ ಕೇಳಿದ್ರು, "ಹಂಗಾದ್ರೆ ದುಡ್ಡು?" "ಅಂಗಡಿಗೆ ಬೇಡ ಚಿಕ್ಕಪ್ಪಾ. ಆದ್ರೆ ಲ್ಯಾಪ್‌ಟಾಪಿಗೆ ಸ್ವಲ್ಪ ರ‍್ಯಾಮ್ ಹಾಕ್ಸಿಕೊಡಿ" ಅಂದೆ.

ನಿಮ್ಮನೆಯಲ್ಲೂ ಫೈನಲ್ ಇಯರ್ ಮಕ್ಕಳಿದ್ದರೆ ಪ್ರಾಜೆಕ್ಟಿನ ಹೆಸರು ಕೇಳಬೇಡಿ. ಉತ್ತರ ತಪ್ಪಾದ್ರೆ ನಿಂಗೆ ಗೊತ್ತಾಗುತ್ತಾ ಅಂತ ಕೇಳಿ ನೋಡಿ.