ಅರಿವಿನ ಕೊರತೆಯಲ್ಲ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೃದಯ ತಪಾಸಣೆಗೆ ಇದೇ ನೂಕುನುಗ್ಗಲು. ಎರಡೂ ಸಲ ಬಲ್ಲವರು ಆಡಿದ ಮಾತು ಒಂದೇ: ನಮ್ಮ ಜನರಿಗೆ ಆರೋಗ್ಯದ ಅರಿವಿಲ್ಲ, ಭಯ ಬಿದ್ದರೆ ಮಾತ್ರ ಬರುತ್ತಾರೆ. ಈ ಮಾತು ತಪ್ಪು. ತಪ್ಪನ್ನೆಲ್ಲ ಜನರ ತಲೆಗೆ ಕಟ್ಟಿ ವ್ಯವಸ್ಥೆಯನ್ನು ಪಾರುಮಾಡುವುದರಿಂದ ಅನ್ಯಾಯದ ಮಾತೂ ಹೌದು.

ಬಿಪಿ, ಶುಗರ್ ಎಂದರೆ ಏನೆಂದು ಇಂದು ಯಾವ ಹಳ್ಳಿಯಲ್ಲೂ ವಿವರಿಸಬೇಕಾಗಿಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೂ ಅದು ಗೊತ್ತು. ಆದರೆ ಒಂದು ದಿನ ರಜೆ ಹಾಕಿದರೆ ಅವಳಿಗೆ ಆ ದಿನದ ಸಂಬಳ ಹೋಗುತ್ತದೆ, ಎಷ್ಟೋ ಕಡೆ ಹಾಜರಾತಿ ಬೋನಸ್ಸೂ ಹೋಗುತ್ತದೆ. ಸಂಜೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಆಸ್ಪತ್ರೆಯ ಒಪಿಡಿ ಮುಚ್ಚಿರುತ್ತದೆ. ಅದರ ಮೇಲೆ, 'ಏನಾದ್ರೂ ಇದೆ ಅಂದುಬಿಟ್ರೆ?' ಎಂಬ ದಿಗಿಲು. ಚಿಕಿತ್ಸೆಗೆ ಕೈಯಲ್ಲಿ ಕಾಸಿಲ್ಲದವಳ ಈ ದಿಗಿಲಿಗೆ ಅಜ್ಞಾನ ಎಂದು ಹೆಸರಿಡುವುದು ನಮಗೆ ಶೋಭೆಯಲ್ಲ.

ತಪಾಸಣೆಯೇ ಜನರ ಬಳಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಗರ್ಭಕೊರಳ ಕ್ಯಾನ್ಸರಿನ ತಪಾಸಣೆಯ ಬಗ್ಗೆ ಒಂದು ಅಧ್ಯಯನ ಶುರುಮಾಡಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ತಪಾಸಣೆ ತೀರಾ ಸರಳ. ವಿನಿಗರ್‌ನಂಥ ಅಸಿಟಿಕ್ ಆಮ್ಲದಲ್ಲಿ ಹತ್ತಿ ಅದ್ದಿ ಗರ್ಭಕೊರಳಿಗೆ ಹಚ್ಚಿದರೆ, ಕೆಟ್ಟಿರುವ ಭಾಗ ಒಂದೆರಡು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಲ್ಯಾಬ್ ಬೇಡ, ವರದಿಗೆ ಕಾಯುವುದೂ ಬೇಡ. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಒಂದು ಗುಂಪಿಗೆ ಅರಿವಿನ ಪಾಠದ ಜತೆಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ. ಇನ್ನೊಂದು ಗುಂಪಿಗೆ ಪಾಠ ಮಾತ್ರ. ಪರೀಕ್ಷೆಯಾದ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ತಪಾಸಣೆಗೆ ಬಂದವರು ಶೇ. 89. ಇತ್ತ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಎಂದಾದರೂ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡವರು ಶೇ. 2ಕ್ಕೂ ಕಡಿಮೆ. ಕೊಳೆಗೇರಿಯ ಹೆಂಗಸರು ಉಳಿದವರಿಗಿಂತ ಹೆಚ್ಚು ತಿಳಿದವರಾಗಿದ್ದರೇ? ಇಲ್ಲ. ಅವರನ್ನು ಹುಡುಕಿಕೊಂಡು ಹೋಗುವವರಿದ್ದರು, ಅಷ್ಟೇ.

ತಪಾಸಣೆಯೇ ಅತಿಯಾಗುತ್ತಿದೆ ಎಂದು ಎಚ್ಚರಿಸುವ ವೈದ್ಯರಿದ್ದಾರೆ. ಅವರ ಮಾತನ್ನು ಗೌರವದಿಂದ ಕೇಳಬೇಕು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್‌ಗೆ ಊರೆಲ್ಲ ಸ್ಕ್ಯಾನ್ ಮಾಡಿದ್ದರಿಂದ 2011ರ ಹೊತ್ತಿಗೆ ಪತ್ತೆಯಾದ ಕ್ಯಾನ್ಸರ್ 1993ಕ್ಕಿಂತ 15 ಪಟ್ಟಾಯಿತು. ಸಾವು ಮಾತ್ರ ಇಳಿಯಲಿಲ್ಲ. ಎಷ್ಟೋ ಜನ ಬೇಡದ ಶಸ್ತ್ರಚಿಕಿತ್ಸೆಗೆ ಕತ್ತು ಕೊಟ್ಟರು. ಆರೋಗ್ಯವಂತರ ಸಾಮಾನ್ಯ ತಪಾಸಣೆಯಿಂದ ಸಾವು ಕಡಿಮೆಯಾಗುವುದಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಹೇಳಿದೆ. ಆದ್ದರಿಂದಲೇ ಎಪ್ಪತ್ತು-ಎಂಬತ್ತು ಪರೀಕ್ಷೆಗಳನ್ನು ಒಂದೇ ಕಂತೆ ಕಟ್ಟಿ ಹಬ್ಬದ ರಿಯಾಯಿತಿಯಲ್ಲಿ ಮಾರುವ ಪ್ಯಾಕೇಜುಗಳನ್ನು ನಾನು ವಿರೋಧಿಸುತ್ತೇನೆ. ಅದು ಭಯದ ವ್ಯಾಪಾರ. ದೇಶದ ಸರ್ಕಾರಿ ತಪಾಸಣಾ ಕಾರ್ಯಕ್ರಮ 30 ದಾಟಿದವರಲ್ಲಿ ಮುಖ್ಯವಾಗಿ ನೋಡಲು ಹೇಳುವುದು ಐದನ್ನು: ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕೊರಳ ಕ್ಯಾನ್ಸರ್. ಇವು ಸದ್ದಿಲ್ಲದೆ ಬೆಳೆಯುವಂಥವು, ಬೇಗ ಸಿಕ್ಕರೆ ಮದ್ದು ಇರುವಂಥವು. ಇನ್ನು 'ನಮ್ಮಜ್ಜ ಯಾವ ಚೆಕಪ್ಪೂ ಇಲ್ಲದೆ ತೊಂಬತ್ತು ಬದುಕಿದ' ಎನ್ನುವವರು, ನಲವತ್ತಕ್ಕೇ ಹೋದ ಅಜ್ಜಂದಿರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಆದರೆ ತಪಾಸಣೆ ಮಾಡಿದರಷ್ಟೇ ಸಾಲದು. ಬಿಪಿ ಹೆಚ್ಚಿದೆ ಎಂದು ಚೀಟಿ ಬರೆದುಕೊಟ್ಟು, 'ಮಾತ್ರೆ ಮುಂದಿನ ವಾರ ಬರುತ್ತೆ' ಎಂದು ಕಳಿಸಿದರೆ ಆ ಮನುಷ್ಯ ಮತ್ತೆ ಬರುವುದಿಲ್ಲ, ಪಕ್ಕದ ಮನೆಯವರನ್ನೂ ಬರಗೊಡುವುದಿಲ್ಲ. ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುವ ರಾಜ್ಯದ 'ಗೃಹ ಆರೋಗ್ಯ' ಯೋಜನೆ ಸರಿಯಾದ ದಾರಿಯಲ್ಲಿದೆ. ಅದು ಉಳಿಯುವುದು ಮಾತ್ರೆ ತಪ್ಪದೆ ಸಿಕ್ಕರೆ, ಆಶಾ ಕಾರ್ಯಕರ್ತೆಗೆ ದುಡಿಮೆಗೆ ತಕ್ಕ ಸಂಬಳ ಸಿಕ್ಕರೆ.

ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಗೆ ಕೆಲಸಕ್ಕೆ ಬರುವ, ನಿಮ್ಮ ಅಂಗಡಿಯಲ್ಲಿ ದುಡಿಯುವ 30 ದಾಟಿದವರಿಗೆ ವರ್ಷಕ್ಕೊಂದು ದಿನ ತಪಾಸಣೆಗೆಂದು ರಜೆ ಕೊಡಿ. ಆ ದಿನದ ಸಂಬಳ ಹಿಡಿಯಬೇಡಿ.